ಗಾಳಿಯ ನಡೆಯೂ ನಮ್ಮ ಹೊಣೆಯೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಗೊರೂರಿನಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಒಂದು ಉಪನ್ಯಾಸವನ್ನು ಮಾಡತಕ್ಕದ್ದೆಂದು ನನಗೆ ಅಪ್ಪಣೆಯಾಯಿತು. ನಾನು ಪಾಠಶಾಲೆಯಲ್ಲಿ ವ್ಯಾಕರಣ ಜ್ಯೋತಿಷಗಳನ್ನೂ ಶರಣರ ಸಾಹಿತ್ಯವನ್ನೂ ಓದಿದವನಾದುದರಿಂದ, ಷಟ್‌ಸ್ಥಲವನ್ನೋ ಪಂಚಾಚಾರವನ್ನೋ ಕುರಿತು ಮಾತನಾಡುವೆನೆಂದು ತಾವು ಎಣಿಸಿರಬಹುದು. ಆದರೆ ನಾನು ಆರಿಸಿಕೊಂಡಿರುವ ವಿಷಯವು ನಮ್ಮನ್ನು ಸುತ್ತಿಕೊಂಡಿರುವ ವಾಯುಮಂಡಲ, ಮಳೆ ಮತ್ತು ವಾಯುಗುಣ. ಧರ್ಮಸಭೆಯಲ್ಲಿ ಇದೇಕೆಂದು ಕೇಳುವವರಿಗೆ ಕಾರಣವನ್ನು ಮೊದಲೇ ನಿವೇದಿಸುವೆನು. ಅದು ನನ್ನದೇ ಒಂದು ತಪ್ಪಿನ ಕಥೆ.

2002ನೆಯ ಇಸವಿಯ ಚಿತ್ರಭಾನು ಸಂವತ್ಸರದ ಯುಗಾದಿಯ ದಿನ ನಾನು ಭಕ್ತರಿಗೆ ಪಂಚಾಂಗ ಶ್ರವಣ ಮಾಡಿಸಿದೆನು. ಆ ವರ್ಷ ಆರ್ದ್ರಾ ಪುನರ್ವಸುಗಳಲ್ಲಿ ಸುವೃಷ್ಟಿಯಾಗುವುದೆಂದು ಹೊತ್ತಗೆಯಲ್ಲಿದ್ದುದನ್ನು ಗಂಭೀರವಾಗಿ ಓದಿ, ಅದಕ್ಕೆ ನನ್ನ ಭರವಸೆಯ ಮಾತನ್ನೂ ಸೇರಿಸಿದೆನು. ಚನ್ನರಾಯಪಟ್ಟಣದ ಕಡೆಯ ಒಬ್ಬ ರೈತನು ಅದನ್ನು ಕೇಳಿಕೊಂಡು ಹೋದನು. ಅವನದು ಕಾಲುವೆಯ ನೀರು ಹತ್ತದ ದಿಬ್ಬದ ಹೊಲ. ಮೊದಲ ಹದಕ್ಕೆ ರಾಗಿಯನ್ನು ಬಿತ್ತಿದನು, ಮೊಳಕೆ ಒಣಗಿತು. ಸಾಲ ಮಾಡಿ ಮತ್ತೊಮ್ಮೆ ಬಿತ್ತಿದನು; ಅದೂ ಒಣಗಿತು. ಆ ವರ್ಷ ಜುಲೈ ತಿಂಗಳಿನಲ್ಲಿ ಇಡೀ ಭಾರತಕ್ಕೆ ಬಿದ್ದ ಮಳೆ ವಾಡಿಕೆಯ ಅರ್ಧದಷ್ಟೇ ಸರಿ. ಅವನು ಎತ್ತುಗಳನ್ನು ಮಾರಿ ಮಠಕ್ಕೆ ಬಂದನು. ನನ್ನನ್ನು ಬಯ್ಯಲಿಲ್ಲ. ‘ಅಯ್ಯನವರೇ, ಇದು ಯಾರ ಪಾಪ?’ ಎಂದಷ್ಟೇ ಕೇಳಿದನು. ನಾನು ಪೂರ್ವಕರ್ಮ, ಪ್ರಾರಬ್ಧ ಎಂದು ಏನೇನೋ ಹೇಳಿ ಕಳುಹಿಸಿದೆನು. ಹೊಲದಲ್ಲಿ ಪೈರನ್ನು ಕಳೆದುಕೊಂಡು ಬಂದವನ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸಿದೆನು. ಆ ಉತ್ತರವು ಅಂದಿನಿಂದ ನನ್ನನ್ನು ಚುಚ್ಚುತ್ತಲಿದೆ. ಅನಂತರ ಬಲ್ಲವರನ್ನು ಕೇಳಿ, ಹೊಸ ಗ್ರಂಥಗಳನ್ನು ಓದಿ, ಗಾಳಿಯ ವಿಷಯವಾಗಿ ಕೊಂಚ ತಿಳಿದುಕೊಂಡೆನು. ಆ ರೈತನಿಗೆ ಹೇಳಬೇಕಾಗಿದ್ದುದನ್ನು ಇಂದು ತಮ್ಮ ಮುಂದೆ ಹೇಳುವೆನು.

ಮೊದಲು ಗಾಳಿಯೆಂದರೇನು ಎಂಬುದನ್ನು ನೋಡೋಣ. ಪಂಚಭೂತಗಳಲ್ಲಿ ಪೃಥ್ವಿ, ಅಪ್ಪು, ತೇಜಗಳು ಕಣ್ಣಿಗೆ ಕಾಣುವುವು. ವಾಯುವು ಕಾಣದು, ಮುಟ್ಟಿದರೆ ಮಾತ್ರ ತಿಳಿವುದು. ಕಾಣದಿದ್ದರೂ ಅದಕ್ಕೆ ತೂಕವುಂಟು. ಸಮುದ್ರದ ಮಟ್ಟದಲ್ಲಿ ಒಂದು ಚದರ ಅಡಿ ನೆಲದ ಮೇಲೆ ನಿಂತಿರುವ ಗಾಳಿಯ ಕಂಬವು ಸುಮಾರು 960 ಕಿಲೋಗ್ರಾಂ ಭಾರವುಳ್ಳದ್ದು. ಎಲ್ಲ ಕಡೆಯಿಂದಲೂ, ಒಳಗಿನಿಂದಲೂ, ಸಮನಾಗಿ ಒತ್ತುವುದರಿಂದ ನಾವು ಅದನ್ನು ಅರಿಯೆವು. ತೇವವಿಲ್ಲದ ಗಾಳಿಯ ನೂರು ಪಾಲುಗಳಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಹೆಚ್ಚಿನದು ಆರ್ಗಾನ್ ಎಂಬ ಅನಿಲ. ಇಂಗಾಲಾಮ್ಲ ವಾಯುವು ಹತ್ತು ಸಾವಿರ ಪಾಲುಗಳಲ್ಲಿ ನಾಲ್ಕು ಪಾಲು ಮಾತ್ರ. ಇವುಗಳೊಡನೆ ನೀರಾವಿಯು ಹೊತ್ತಿಗೂ ನೆಲೆಗೂ ತಕ್ಕಂತೆ ಹೆಚ್ಚು ಕಡಮೆಯಾಗಿ ಬೆರೆತಿರುವುದು. ಈ ನೀರಾವಿಯೇ ಮಳೆಯ ಮೂಲದ್ರವ್ಯ.

ಈ ಗಾಳಿಯ ಹೊದಿಕೆ ಎಷ್ಟು ದಪ್ಪ? ಮೋಡ, ಮಳೆ, ಗುಡುಗು, ಸಿಡಿಲುಗಳೆಲ್ಲವೂ ನಡೆಯುವ ಕೆಳಗಿನ ಪದರವು ನಮ್ಮ ಉಷ್ಣವಲಯದಲ್ಲಿ ಹದಿನಾರರಿಂದ ಹದಿನೆಂಟು ಕಿಲೋಮೀಟರು ಎತ್ತರಕ್ಕೆ ಮುಗಿಯುವುದು. ಧ್ರುವಗಳ ಬಳಿ ಅದರ ಅರ್ಧದಷ್ಟೇ. ಭೂಮಿಯ ತ್ರಿಜ್ಯವಾದರೋ 6,371 ಕಿಲೋಮೀಟರು. ಭೂಮಿಯನ್ನು ಒಂದು ಬಿಲ್ವದ ಕಾಯಿಯೆಂದು ಭಾವಿಸಿದರೆ, ನಮ್ಮ ಮಳೆಗಾಳಿಯ ಪದರವು ಆ ಕಾಯಿಯ ಮೇಲೆ ತೆಳುವಾಗಿ ಬಳಿದ ವಿಭೂತಿಯಷ್ಟು ದಪ್ಪವಿರುವುದು. ಸಕಲ ಜೀವರಾಶಿಯ ಉಸಿರೂ ಅನ್ನವೂ ಈ ತೆಳುವಾದ ಲೇಪದೊಳಗೇ ಇರುವುವು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಮೇಲೆ ಹೋದಂತೆ ಸೂರ್ಯನಿಗೆ ಸಮೀಪವಾಗುವೆವಲ್ಲ, ಹಾಗಿದ್ದೂ ಬೆಟ್ಟದ ಮೇಲೆ ಚಳಿಯೇಕೆ ಎಂದು ಮಕ್ಕಳು ಕೇಳುವುದುಂಟು. ಸೂರ್ಯನ ಬೆಳಕು ಗಾಳಿಯನ್ನು ಬಹುವಾಗಿ ಕಾಯಿಸದೆ ತೂರಿಬಂದು ನೆಲವನ್ನು ಕಾಯಿಸುವುದು; ಕಾದ ನೆಲವು ಗಾಳಿಯನ್ನು ಕೆಳಗಿನಿಂದ ಕಾಯಿಸುವುದು. ಒಲೆಯ ಮೇಲಿಟ್ಟ ಗಡಿಗೆಯಲ್ಲಿ ತಳವು ಮೊದಲು ಕಾಯುವುದಿಲ್ಲವೆ? ಹಾಗೆಯೇ ಇದು. ಮೇಲೇರಿದ ಗಾಳಿಯ ಮೇಲೆ ಒತ್ತಡವು ಕಡಮೆಯಾಗಿ ಅದು ಹಿಗ್ಗುವುದು. ಹಿಗ್ಗುವುದಕ್ಕೆ ತನ್ನ ಬಿಸಿಯನ್ನೇ ವೆಚ್ಚ ಮಾಡಿ ತಣ್ಣಗಾಗುವುದು. ಬೈಸಿಕಲ್ಲಿನ ಚಕ್ರಕ್ಕೆ ಗಾಳಿಯನ್ನು ಒತ್ತಿ ತುಂಬುವಾಗ ಪಂಪು ಬಿಸಿಯಾಗುವುದನ್ನೂ, ತುಂಬಿದ ಗಾಳಿಯನ್ನು ಹೊರಬಿಟ್ಟರೆ ಅದು ತಂಪಾಗಿ ಬೆರಳಿಗೆ ತಾಕುವುದನ್ನೂ ತಾವು ಬಲ್ಲಿರಿ. ಸರಾಸರಿಯಾಗಿ ಪ್ರತಿ ಕಿಲೋಮೀಟರಿಗೆ ಆರೂವರೆ ಡಿಗ್ರಿ ಉಷ್ಣಮಾನವು ಇಳಿಯುವುದು. ಈ ಒಂದು ನಿಯಮವನ್ನು ತಿಳಿದರೆ ನಮ್ಮ ಹಾಸನ ಸೀಮೆಯ ಮಳೆಯೆಲ್ಲವೂ ಅರ್ಥವಾಗುವುದು. ಅದು ಹೇಗೆಂದರೆ:

ಬೇಸಗೆಯಲ್ಲಿ ಸೂರ್ಯನು ಉತ್ತರಕ್ಕೆ ಸರಿದಂತೆ ನೆಲವು ಸಮುದ್ರಕ್ಕಿಂತ ಬೇಗನೆ ಕಾಯುವುದು. ಕಾದ ನಾಡಿನ ಮೇಲಿನ ಗಾಳಿ ಹಗುರವಾಗಿ ಏಳಲು, ಅಲ್ಲಿಗೆ ಸಮುದ್ರದ ಗಾಳಿಯು ನುಗ್ಗಿ ಬರುವುದು. ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಎಂಬ ವಿದ್ವಾಂಸನು 1686ರಲ್ಲಿಯೇ ಮಾನ್ಸೂನಿಗೆ ಈ ಕಾರಣವನ್ನು ಹೇಳಿದನು. ಮುಂದೆ ಇನ್ನೂ ಕೆಲವು ಸಂಗತಿಗಳು ತಿಳಿದುಬಂದುವು. ಉಷ್ಣವಲಯದ ಮಳೆಯ ಪಟ್ಟಿಯೇ ಸೂರ್ಯನನ್ನು ಹಿಂಬಾಲಿಸಿ ಉತ್ತರಕ್ಕೆ ಸರಿಯುವುದು. ಆಗ ದಕ್ಷಿಣಾರ್ಧಗೋಳದ ಆಗ್ನೇಯ ಮಾರುತಗಳು ವಿಷುವದ್ವೃತ್ತವನ್ನು ದಾಟುವುವು. ಭೂಮಿಯು ತಿರುಗುತ್ತಿರುವುದರಿಂದ ದಾಟಿದ ಮೇಲೆ ತಮ್ಮ ಬಲಕ್ಕೆ ಓರೆಯಾಗಿ, ನೈಋತ್ಯದಿಂದ ನಮ್ಮ ಕಡೆಗೆ ಬೀಸುವುವು. ಅರಬ್ಬೀ ಸಮುದ್ರದ ಮೇಲೆ ಬಹುದೂರ ನಡೆದು ನೀರಾವಿಯನ್ನು ಹೊತ್ತ ಈ ಗಾಳಿಯು ವಾಡಿಕೆಯಂತೆ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟುವುದು.

ಬಂದ ಗಾಳಿಗೆ ಸಹ್ಯಾದ್ರಿಯು ಅಡ್ಡವಾಗಿ ನಿಂತಿದೆ. ಗಾಳಿಯು ಬೆಟ್ಟವನ್ನು ಏರಲೇಬೇಕು, ಏರಿದರೆ ತಣ್ಣಗಾಗಲೇಬೇಕು, ತಣ್ಣಗಾದರೆ ನೀರಾವಿಯನ್ನು ಇಳಿಸಲೇಬೇಕು. ಆದುದರಿಂದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಜಿಲ್ಲೆಯ ಸಕಲೇಶಪುರದಲ್ಲಿ ಎರಡು ಸಾವಿರವನ್ನು ಮೀರುವುದು. ಬೆಟ್ಟವನ್ನು ದಾಟಿದ ಗಾಳಿಯು ಇಳಿಯುತ್ತ ಬಿಸಿಯಾಗಿ ಒಣಗುವುದು. ಹೊರೆಯನ್ನು ಇಳಿಸಿ ಬರಿಗೈಯಲ್ಲಿ ಬರುವ ಹಮಾಲಿಯಂತೆ. ಮೂಡಲಿಗೆ ಬಂದಂತೆ ಮಳೆ ಕುಗ್ಗಿ, ಚನ್ನರಾಯಪಟ್ಟಣದ ಬಯಲಿನಲ್ಲಿ ಏಳುನೂರರ ಆಸುಪಾಸಿಗೆ ಬಂದು ನಿಲ್ಲುವುದು. ಒಂದೇ ಜಿಲ್ಲೆಯ ಎರಡು ಅಂಚುಗಳಲ್ಲಿ ಒಂದು ಕಡೆ ಏಲಕ್ಕಿ ಕಾಫಿ, ಇನ್ನೊಂದು ಕಡೆ ರಾಗಿ ಹುರುಳಿ. ಸಕಲೇಶಪುರದವರು ಹೆಚ್ಚು ಪುಣ್ಯವಂತರೆಂದೂ ಚನ್ನರಾಯಪಟ್ಟಣದವರು ಕಡಮೆ ಪುಣ್ಯವಂತರೆಂದೂ ಯಾರಾದರೂ ಹೇಳುವರೆ? ಬೆಟ್ಟವು ಎಲ್ಲಿದೆಯೋ ಅದರಂತೆ ಮಳೆ. ಅಷ್ಟೆ.

ಇದರ ಪ್ರಮಾಣವು ತಮ್ಮ ಕಣ್ಣ ಮುಂದೆಯೇ ಇದೆ. ಹೇಮಾವತಿಯು ಮೂಡಿಗೆರೆಯ ಸೀಮೆಯಲ್ಲಿ, ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸುಮಾರು 245 ಕಿಲೋಮೀಟರು ಹರಿದು ಕಾವೇರಿಯನ್ನು ಸೇರುವಳು. ಆಷಾಢದಲ್ಲಿ ಗೊರೂರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆಯು ಕೆಂಪಾಗಿ ಉಕ್ಕಿ ಬರುವುದನ್ನು ಹಿರಿಯರು ಕಂಡಿರುವರು. ಇಲ್ಲಿ ಬೀಳದ ಮಳೆಯು ಅಲ್ಲಿ ಬಿದ್ದು ಹೊಳೆಯ ರೂಪದಿಂದ ಇಲ್ಲಿಗೆ ನಡೆದುಬಂದುದು. 1979ರಲ್ಲಿ ಮುಗಿದ ಇಲ್ಲಿನ ಅಣೆಕಟ್ಟೆಯಲ್ಲಿ ನೀರು 2,922 ಅಡಿಯ ಪೂರ್ಣಮಟ್ಟಕ್ಕೆ ಬಂದಾಗ ಸುಮಾರು 37 ಟಿ.ಎಂ.ಸಿ., ಎಂದರೆ 3,700 ಕೋಟಿ ಘನ ಅಡಿ, ನೀರು ನಿಲ್ಲುವುದು. ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ಮಳೆಗಾಲದಲ್ಲಿ ಮುಳುಗುತ್ತ ಬೇಸಗೆಯಲ್ಲಿ ಏಳುತ್ತ, ಮಲೆನಾಡಿನ ಮಳೆಗೆ ಅಳತೆಗೋಲಿನಂತೆ ನಿಂತಿರುವುದು. ಆ ನೀರಿನ ಅಡಿಯಲ್ಲಿ ಮನೆ ಹೊಲಗಳನ್ನು ಬಿಟ್ಟುಕೊಟ್ಟವರ ಮಕ್ಕಳು ಈ ಸಭೆಯಲ್ಲಿಯೂ ಇರುವರು. ಕೆಳಗಿನ ಸೀಮೆಯವರು ಕಾಲುವೆಯ ನೀರನ್ನು ಮುಟ್ಟುವಾಗ ಅವರನ್ನು ನೆನೆಯತಕ್ಕದ್ದು.

ಇನ್ನು ಹವಾಮಾನಕ್ಕೂ ವಾಯುಗುಣಕ್ಕೂ ಇರುವ ಭೇದವನ್ನು ಹೇಳುವೆನು. ಈ ಭೇದವನ್ನು ತಿಳಿಯದೆ ಹೋದುದೇ 2002ರಲ್ಲಿ ನಾನು ಮಾಡಿದ ತಪ್ಪಿನ ಬೇರು. ಇಂದು ಮೋಡವೇ ಬಿಸಿಲೇ, ನಾಳೆ ಮಳೆಯೇ ಎಂಬುದು ಹವಾಮಾನ. ಒಂದು ಸೀಮೆಯಲ್ಲಿ ಬಹುವರ್ಷಗಳ ವಾಡಿಕೆ ಹೇಗೆ ಎಂಬುದು ವಾಯುಗುಣ; ಇದಕ್ಕೆ ಮೂವತ್ತು ವರ್ಷಗಳ ಸರಾಸರಿಯನ್ನು ಹಿಡಿಯುವುದು ಲೋಕದ ಪದ್ಧತಿ. ಮನುಷ್ಯನ ಒಂದು ದಿನದ ಕೋಪಕ್ಕೂ ಅವನ ಸ್ವಭಾವಕ್ಕೂ ಎಷ್ಟು ಅಂತರವೋ ಇವೆರಡಕ್ಕೂ ಅಷ್ಟು ಅಂತರ.

ನಮ್ಮ ರೈತರ ಮಳೆನಕ್ಷತ್ರಗಳು ವಾಯುಗುಣದ ವಿದ್ಯೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನು. ಅಶ್ವಿನಿ ಭರಣಿಗಳಲ್ಲಿ ಗುಡುಗಿನ ಮಳೆ, ಆರ್ದ್ರೆ ಪುನರ್ವಸುಗಳಲ್ಲಿ ಮುಂಗಾರು, ಚಿತ್ತೆ ಸ್ವಾತಿಗಳಲ್ಲಿ ಹಿಂಗಾರು ಎಂಬ ಕ್ರಮವನ್ನು ಹಿರಿಯರು ತಲೆತಲಾಂತರದಿಂದ ನೋಡಿ ಕಟ್ಟಿದರು. ಅದು ಅಮೂಲ್ಯವಾದ ಅನುಭವ. ಆದರೆ ಅದು ‘ಸಾಮಾನ್ಯವಾಗಿ ಹೀಗೆ’ ಎಂದು ಹೇಳುವುದೇ ಹೊರತು ‘ಈ ವರ್ಷ ಹೀಗೆಯೇ’ ಎಂದು ಹೇಳಲಾರದು. ವಾಡಿಕೆಯನ್ನು ವಾಗ್ದಾನವೆಂದು ಓದಿದವನು ನಾನು.

ಇನ್ನೊಂದು ಸಂಗತಿಯೂ ಉಂಟು. ಭೂಮಿಯ ಅಕ್ಷವು ಮೆಲ್ಲಮೆಲ್ಲನೆ ಓಲಾಡುವುದರಿಂದ ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ಸುಮಾರು ಎಪ್ಪತ್ತು ವರ್ಷಗಳಿಗೆ ಒಂದು ದಿನದಂತೆ ಅಂತರ ಬೀಳುವುದು. ಜ್ಯೋತಿಷವನ್ನು ಓದಿದವರು ಇದನ್ನು ಅಯನಚಲನವೆಂದು ಬಲ್ಲರು. ಮಳೆಯ ಲಕ್ಷಣಗಳನ್ನೂ ಮಳೆಯನ್ನು ಅಳೆಯುವ ಬಗೆಯನ್ನೂ ಬೃಹತ್ಸಂಹಿತೆಯಲ್ಲಿ ವಿವರಿಸಿದ ವರಾಹಮಿಹಿರನು ಆರನೆಯ ಶತಮಾನದವನು. ಅವನ ಕಾಲದಿಂದ ಈಚೆಗೆ ಋತುವಿನಲ್ಲಿ ನಕ್ಷತ್ರದ ಸ್ಥಾನವು ಇಪ್ಪತ್ತು ದಿನಗಳಷ್ಟು ಸರಿದಿದೆ. ಅಂದು ಮಳೆಗಾಲದ ಬಾಗಿಲಿನಲ್ಲಿದ್ದ ಆರ್ದ್ರೆಯು ಇಂದು ಜೂನ್ 22ರ ಸುಮಾರಿಗೆ ಹುಟ್ಟುವುದು. ಹಿರಿಯರ ಮಾತನ್ನು ಗೌರವಿಸುವವನು ಅದನ್ನು ಹಿರಿಯರಂತೆಯೇ ಆಕಾಶವನ್ನು ನೋಡಿ ತಿದ್ದಿಕೊಳ್ಳಬೇಕು. ಅದೂ ಅಲ್ಲದೆ, ಶರಣರು ತಿಥಿ ವಾರ ನಕ್ಷತ್ರಗಳ ಭಯವನ್ನು ಬಿಡಿಸಿದವರು. ಅವರ ಪೀಳಿಗೆಯ ನಾವು ನಕ್ಷತ್ರವನ್ನು ಬೇಸಾಯದ ಗುರುತಾಗಿ ಇಟ್ಟುಕೊಳ್ಳಬಹುದು, ಹಣೆಯ ಬರಹವಾಗಿ ಅಲ್ಲ.

ಹಾಗಾದರೆ ವಾಡಿಕೆಯ ಮಳೆಯು ಕೆಲವು ವರ್ಷ ತಪ್ಪುವುದೇಕೆ? ಇದಕ್ಕೆ ನಮ್ಮ ನಾಡಿನ ಅತ್ಯಂತ ಘೋರವಾದ ನೆನಪನ್ನು ತೆಗೆದುಕೊಳ್ಳೋಣ. 1876ರ ಧಾತು ಸಂವತ್ಸರದಲ್ಲಿ ಮೈಸೂರು ಸೀಮೆಗೆ ಮಳೆ ತಪ್ಪಿತು. ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಕಷ್ಟವು ತೀರಲಿಲ್ಲ. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷವಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಹಳ್ಳಿಗೆ ಹಳ್ಳಿಯೇ ಬರಿದಾದ ಕಥೆಗಳನ್ನು ನಮ್ಮ ಅಜ್ಜಿಯರು ‘ದಾತು ವರ್ಷದ ಬರ’ವೆಂದು ಹೇಳುತ್ತಿದ್ದರು. ಇದು ಯಾರ ಪಾಪ? ಸತ್ತವರಲ್ಲಿ ಹಾಲು ಕುಡಿಯುವ ಕೂಸುಗಳೂ ಇದ್ದುವಷ್ಟೆ.

ನಮ್ಮಲ್ಲಿ ಬರ ಬಿದ್ದ ಆ ವರ್ಷಗಳಲ್ಲಿಯೇ ಚೀನಾದ ಉತ್ತರ ಭಾಗದಲ್ಲಿಯೂ, ಸಮುದ್ರಗಳಾಚೆಯ ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿಯೂ ಭಯಂಕರವಾದ ಬರವು ಬಿದ್ದಿತು. ಈ ಮೂರು ದೇಶಗಳ ಜನರು ಒಬ್ಬರನ್ನೊಬ್ಬರು ಕಂಡವರಲ್ಲ, ಒಂದೇ ದೇವರನ್ನು ಪೂಜಿಸಿದವರಲ್ಲ, ಒಂದೇ ತಪ್ಪನ್ನು ಮಾಡಿದವರೂ ಅಲ್ಲ. ಅವರನ್ನು ಕಟ್ಟಿದ ದಾರ ಒಂದೇ, ಅದು ಗಾಳಿ. ಪೆರು ದೇಶದ ಆಚೆ ಪೆಸಿಫಿಕ್ ಮಹಾಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಬಿಸಿಯಾಗುವುದು. ಕ್ರಿಸ್ಮಸ್ಸಿನ ಹೊತ್ತಿಗೆ ಕಾಣಿಸಿಕೊಳ್ಳುವುದರಿಂದ ಅಲ್ಲಿನ ಬೆಸ್ತರು ಇದನ್ನು ‘ಎಲ್ ನಿನೊ’, ಎಂದರೆ ಬಾಲಯೇಸು, ಎಂದು ಕರೆದರು. ಆಗ ಮಳೆಮೋಡಗಳು ಏಳುವ ನೆಲೆಯೇ ಪೂರ್ವಕ್ಕೆ ಸರಿದು, ನಮ್ಮ ಕಡೆ ಗಾಳಿಯು ಏಳುವುದಕ್ಕೆ ಬದಲಾಗಿ ಇಳಿಯುವ ಪ್ರವೃತ್ತಿ ಹೆಚ್ಚುವುದು. ಇಳಿಯುವ ಗಾಳಿ ಒಣಗಾಳಿಯೆಂದು ಆಗಲೇ ಹೇಳಿದೆನು. 1877ರಲ್ಲಿ ಅಂಥ ಪ್ರಬಲವಾದ ಎಲ್ ನಿನೊ ಇದ್ದಿತು. 1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ಎಂಬವನು, ಮಾನ್ಸೂನನ್ನು ಮೊದಲೇ ತಿಳಿಯುವುದಕ್ಕಾಗಿ ಲೋಕದ ನಾನಾ ಕಡೆಯ ವಾಯುಭಾರವನ್ನು ಹೋಲಿಸಿ, ಪೆಸಿಫಿಕ್ ಸಾಗರಕ್ಕೂ ಹಿಂದೂ ಸಾಗರಕ್ಕೂ ನಡುವೆ ಒತ್ತಡವು ಏತದಂತೆ ಏರಿಳಿಯುವುದನ್ನು 1920ರ ದಶಕದಲ್ಲಿ ಪ್ರಕಟಿಸಿದನು. ನನ್ನ ರೈತನು ಕೆಟ್ಟ 2002ರಲ್ಲಿಯೂ ಎಲ್ ನಿನೊ ಇದ್ದಿತು. ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದ 2023ರಲ್ಲಿಯೂ ಇದ್ದಿತು. ಎಲ್ಲ ಎಲ್ ನಿನೊ ವರ್ಷಗಳಲ್ಲಿಯೂ ಬರವು ಬೀಳುವುದೆಂದಲ್ಲ. ಬೀಳುವ ಸಂಭವವು ಹೆಚ್ಚು ಎಂದು ತಿಳಿಯತಕ್ಕದ್ದು.

ಆದುದರಿಂದ ಮಳೆ ತಪ್ಪಿದುದಕ್ಕೆ ಹಳ್ಳಿಯಲ್ಲಿ ಯಾವಳೋ ವಿಧವೆಯನ್ನೋ, ಯಾವನೋ ಬಡವನನ್ನೋ ಹಿಡಿದು ದೂರುವುದು ಅಜ್ಞಾನ ಮಾತ್ರವಲ್ಲ, ಅಧರ್ಮ. ಆದರೆ ಇಲ್ಲಿಗೆ ಮಾತು ಮುಗಿಯಲಿಲ್ಲ. ಧಾತು ವರ್ಷದಲ್ಲಿ ಮಳೆ ಬಾರದೆ ಹೋದುದು ಗಾಳಿಯ ನಡೆ, ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯವು ಹಡಗನ್ನೇರಿ ಹೊರದೇಶಕ್ಕೆ ಹೋಗುತ್ತಲಿದ್ದಿತು. ಬರವನ್ನು ಗಾಳಿ ತಂದಿತು. ಅದನ್ನು ಅಷ್ಟು ದೊಡ್ಡ ಸಾವನ್ನಾಗಿ ಮಾಡಿದವರು ಮನುಷ್ಯರು. ಮಳೆಯು ನಮ್ಮ ಕೈಯಲ್ಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಡುವುದೂ, ಇದ್ದ ಅನ್ನವನ್ನು ಹಂಚುವುದೂ ನಮ್ಮ ಕೈಯಲ್ಲಿದೆ. ನಮ್ಮ ಧರ್ಮವು ಇದನ್ನೇ ದಾಸೋಹವೆಂದು ಕರೆದಿರುವುದು.

ಈಚೆಗೆ ಗಾಳಿಯ ನಡೆಯಲ್ಲಿಯೂ ಮನುಷ್ಯನ ಕೈ ಸೇರಿದೆ. ಇಂಗಾಲಾಮ್ಲ ವಾಯುವು ಅತ್ಯಲ್ಪವೆಂದೆನು. ಅಲ್ಪವಾದರೂ ನೆಲದ ಬಿಸಿಯನ್ನು ಆಕಾಶಕ್ಕೆ ಹೋಗಗೊಡದೆ ತಡೆಯುವ ಕಂಬಳಿಯಂತಿರುವುದು. ಯಂತ್ರಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ 280 ಪಾಲು ಇದ್ದ ಅದು, ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು, ಕಾಡುಗಳನ್ನು ಕಡಿದ ಫಲವಾಗಿ ಇಂದು 420 ಪಾಲನ್ನು ಮೀರಿದೆ. ಭೂಮಿಯ ಸರಾಸರಿ ಉಷ್ಣಮಾನವು ಒಂದು ಡಿಗ್ರಿಗೂ ಹೆಚ್ಚಾಗಿ ಏರಿದೆ. ಒಂದು ಡಿಗ್ರಿ ಬಿಸಿಯಾದ ಗಾಳಿಯು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಆದಕಾರಣ ಸುರಿದರೆ ಒಮ್ಮೆಗೇ ಸುರಿಯುವುದೂ, ಬಿಟ್ಟರೆ ಬಹುದಿನ ಬಿಡುವುದೂ ಹೆಚ್ಚುವುದೆಂದು ಬಲ್ಲವರು ಹೇಳುವರು. 2018ರ ಆಗಸ್ಟಿನಲ್ಲಿ ನೆರೆಯ ಕೊಡಗಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡೆವು. ಐದು ವರ್ಷ ಕಳೆಯುವುದರೊಳಗೆ ಬರವನ್ನೂ ಕಂಡೆವು. ಒಂದೊಂದು ಘಟನೆಯನ್ನೂ ಇದಕ್ಕೇ ಕಟ್ಟಲಾಗದು. ಹವಾಮಾನವೇ ಬೇರೆ, ವಾಯುಗುಣವೇ ಬೇರೆಯಷ್ಟೆ. ಆದರೆ ಸ್ವಭಾವವು ಬದಲಾಗುತ್ತಿರುವುದು ದಿಟ. ‘ಯಾರ ಪಾಪ?’ ಎಂಬ ಪ್ರಶ್ನೆಗೆ ಈಗ ಕೊಂಚ ಉತ್ತರವುಂಟು: ಅನುಭವಿಸುವವನದಂತೂ ಅಲ್ಲ. ದಿಬ್ಬದ ಹೊಲದ ರೈತನು ಲೋಕದಲ್ಲಿ ಅತಿ ಕಡಮೆ ಹೊಗೆಯನ್ನು ಬಿಟ್ಟವನು.

ಇನ್ನು ನಾವು ಮಾಡತಕ್ಕ ಮೂರು ಕಾರ್ಯಗಳನ್ನು ವಿಜ್ಞಾಪಿಸುವೆನು. ಮೊದಲನೆಯದು, ಮಠದ ಅಂಗಳದಲ್ಲಿ ಒಂದು ಮಳೆಮಾಪಕವನ್ನು ನೆಟ್ಟು ಪ್ರತಿದಿನವೂ ಬೆಳಿಗ್ಗೆ ಬರೆದಿಡುವುದು. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರು ನೀರು. ಲೆಕ್ಕವು ಮಕ್ಕಳಿಗೂ ಸುಲಭ. ಮೂವತ್ತು ವರ್ಷ ಬರೆದರೆ ನಮ್ಮ ಊರಿನ ವಾಯುಗುಣವೇ ನಮ್ಮ ಕೈಯಲ್ಲಿರುವುದು. ಯುಗಾದಿಯ ದಿನ ಪಂಚಾಂಗದೊಡನೆ ಆ ಪುಸ್ತಕವನ್ನೂ, ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಓದಿ ಹೇಳೋಣ. ಎರಡನೆಯದು, ಕೆರೆಗಳ ಹೂಳನ್ನು ತೆಗೆಯುವುದೂ ಮಾಡಿನ ನೀರನ್ನು ಹಿಡಿಯುವುದೂ. ನೂರು ಚದರ ಮೀಟರಿನ ಮಾಡಿನ ಮೇಲೆ ಏಳುನೂರು ಮಿಲಿಮೀಟರು ಮಳೆ ಬಿದ್ದರೆ ವರ್ಷಕ್ಕೆ ಎಪ್ಪತ್ತು ಸಾವಿರ ಲೀಟರು ನೀರು. ಮೂರನೆಯದು, ಒಳ್ಳೆಯ ಬೆಳೆಯ ವರ್ಷದಲ್ಲಿ ಭಕ್ತರು ಕೊಡುವ ರಾಗಿಯಲ್ಲಿ ಒಂದು ಪಾಲನ್ನು ಬಿತ್ತನೆಗಾಗಿ ಮಠದ ಕಣಜದಲ್ಲಿ ಇಡುವುದು. ಮೊದಲ ಬಿತ್ತನೆ ಒಣಗಿದವನು ಎರಡನೆಯ ಬಿತ್ತನೆಗೆ ಸಾಲಗಾರನ ಬಾಗಿಲಿಗೆ ಹೋಗದೆ ಇಲ್ಲಿಗೆ ಬರುವಂತಾಗಬೇಕು.

ಆ ರೈತನು ಅನಂತರ ಊರನ್ನು ಬಿಟ್ಟು ಕೂಲಿಗಾಗಿ ಬೆಂಗಳೂರಿಗೆ ಹೋದನೆಂದು ಕೇಳಿದೆನು. ಮತ್ತೆ ನಾನು ಅವನನ್ನು ಕಾಣಲಿಲ್ಲ. ಅವನು ಪ್ರಶ್ನೆಯನ್ನು ತಂದಾಗ ನನ್ನ ಬಳಿ ಇದ್ದುದು ಬರಿಯ ಮಾತು. ಕಣಜದಲ್ಲಿ ಬಿತ್ತನೆಯ ರಾಗಿ ಇರಲಿಲ್ಲ. ಮುಂದೆ ಅಂಥವನೊಬ್ಬನು ಬಂದು ಕೇಳಿದರೆ, ‘ಅಪ್ಪಾ, ಇದು ನಿನ್ನ ಪಾಪವಲ್ಲ, ಗಾಳಿಯ ನಡೆ, ಇಗೋ ಬೀಜ’ ಎಂದು ಹೇಳುವ ಶಕ್ತಿಯನ್ನು ಈ ಮಠಕ್ಕೆ ತಾವೆಲ್ಲರೂ ಕೊಡಬೇಕೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುವೆನು.